ಮಾರಾದ ಹುಲ್ಲು, ಬಾಸೂರಿನ ಹುಲ್ಲು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಅನುಕೂಲವಂತರಲ್ಲಿ ಈಚೆಗೆ ಹೊಸದೊಂದು ಯಾತ್ರೆ ಬಳಕೆಗೆ ಬಂದಿದೆ. ಹಿಂದೆ ಕಾಶಿ, ರಾಮೇಶ್ವರ ಎನ್ನುತ್ತಿದ್ದರು, ಆಮೇಲೆ ಸಿಂಗಪುರ, ದುಬಾಯಿ ಎಂದರು, ಈಗ ಆಫ್ರಿಕಾ. ಅಡಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ನಾಲ್ಕಾರು ಮನೆಯವರು ಒಟ್ಟುಗೂಡಿ, ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಕೀನ್ಯಾ ದೇಶದ ಮಸಾಯಿ ಮಾರಾಕ್ಕೆ ಹೋಗುತ್ತಾರೆ. ಮಾಡು ತೆರೆದ ಮೋಟಾರಿನಲ್ಲಿ ನಾಲ್ಕು ದಿನ ತಿರುಗಿ ಸಿಂಹ, ಆನೆ, ಕಾಡೆಮ್ಮೆ, ಖಡ್ಗಮೃಗ, ಚಿರತೆಗಳನ್ನು ನೋಡಿ ಬರುತ್ತಾರೆ. ಬಂದ ಮೇಲೆ ಭಾಷಣ ಉಂಟು. ಪರದೆಯ ಮೇಲೆ ಚಿತ್ರಗಳುಂಟು. ಕೊನೆಯಲ್ಲಿ, ಕಾಫಿ ಬರುವುದಕ್ಕೆ ಮುಂಚೆ, ಒಂದು ನಿಟ್ಟುಸಿರೂ ಉಂಟು: “ನಮ್ಮ ಕಡೆ ಏನಿದೆ ಸ್ವಾಮಿ? ಬರೀ ಬಯಲು!”

ಈ ಲೇಖನ ಆ ನಿಟ್ಟುಸಿರನ್ನು ಕುರಿತದ್ದು.

ಹೋಗಬಾರದು ಎಂಬ ವಾದ ನನ್ನದಲ್ಲ. ದುಡಿದ ಹಣವನ್ನು ಮನುಷ್ಯ ತನಗೆ ಸರಿತೋರಿದಂತೆ ಖರ್ಚು ಮಾಡಲಿ. ಮದುವೆಯ ಚಪ್ಪರಕ್ಕೆ ಸುರಿಯುವುದಕ್ಕಿಂತ ಪಟ್ಟೆಕುದುರೆ ನೋಡಲು ಸುರಿಯುವುದು ಎಷ್ಟೋ ಮೇಲು. ಮಾರಾ ನಿಜಕ್ಕೂ ನೋಡತಕ್ಕ ಜಾಗ. ೧,೫೧೦ ಚದರ ಕಿಲೋಮೀಟರಿನ ಹುಲ್ಲು ಅದು. ದಕ್ಷಿಣಕ್ಕೆ ಟಾಂಜಾನಿಯಾದ ಸೆರೆಂಗೆಟಿ ಅದಕ್ಕೆ ಹೊಂದಿಕೊಂಡೇ ಇದೆ. ಮಳೆ ಹೋದ ಕಡೆ ಹುಲ್ಲು, ಹುಲ್ಲು ಹುಟ್ಟಿದ ಕಡೆ ಗೊರಸು. ವೈಲ್ಡ್‌ಬೀಸ್ಟ್ ಎಂದು ಕರೆಯುವ, ಎತ್ತಿನ ಮೋರೆಯೂ ಮೇಕೆಯ ಗಡ್ಡವೂ ಕುದುರೆಯ ಬಾಲವೂ ಇರುವ ಒಂದು ಪ್ರಾಣಿ ಹತ್ತು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಸೆರೆಂಗೆಟಿಯಿಂದ ಹೊರಟು, ಜುಲೈಯಿಂದ ಅಕ್ಟೋಬರಿನವರೆಗೆ ಮಾರಾದ ಹುಲ್ಲಿನಲ್ಲಿ ಮೇದು, ಮತ್ತೆ ಮರಳುತ್ತದೆ. ನಡುವೆ ನದಿ, ನದಿಯಲ್ಲಿ ಮೊಸಳೆ. ಇದನ್ನು ನೋಡಿ ಬೆರಗಾಗದವನ ಎದೆ ಎದೆಯಲ್ಲ. ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ: ೨೦೨೪ರಿಂದ ಈಚೆಗೆ, ವರ್ಷದ ಎರಡನೆಯ ಅರ್ಧದಲ್ಲಿ, ಹೊರದೇಶದವನು ಆ ಹುಲ್ಲಿನ ಮೇಲೆ ಒಂದು ದಿನ ಇರುವುದಕ್ಕೆ ೨೦೦ ಡಾಲರು ಕೊಡಬೇಕು. ಊಟ, ವಸತಿ, ಮೋಟಾರಿನ ಬಾಡಿಗೆ ಬೇರೆ.

ಹುಲ್ಲಿನ ಮೇಲೆ ಇರುವುದಕ್ಕೆ, ಎಂದೆ. ವಾಚಕರು ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ ಮೊದಲು ಪದವನ್ನು ಹಿಡಿಯುತ್ತೇನೆ. ಸಫಾರಿ ಎಂಬುದು ಆಫ್ರಿಕಾದ ಪೂರ್ವತೀರದ ಸ್ವಾಹಿಲಿ ಭಾಷೆಯ ಮಾತು. ಅದರ ಅರ್ಥ ಪ್ರಯಾಣ, ಅಷ್ಟೆ. ಮೂಲ ಅರಬ್ಬಿಯ ‘ಸಫರ್’. ಇದೇ ಸಫರ್ ಪಾರಸಿ, ಉರ್ದುಗಳ ಮೂಲಕ ನಮ್ಮ ನಾಡಿಗೂ ಬಂದಿದೆ. ಸ್ವಾಹಿಲಿಯವನು ನೆಂಟರ ಮನೆಗೆ ಹೊರಟರೂ ಅದು ಸಫಾರಿಯೇ. ಆ ಬಡಪಾಯಿ ಪದದ ಹೆಗಲಿಗೆ ಬಂದೂಕು ಏರಿಸಿದವರು ಬಿಳಿಯ ಬೇಟೆಗಾರರು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದೊಡನೆ, ೧೯೦೯ರಲ್ಲಿ, ರೂಸ್‌ವೆಲ್ಟರು ಅಲ್ಲಿಗೆ ದೊಡ್ಡ ದಂಡು ಕಟ್ಟಿಕೊಂಡು ಹೋಗಿ ಹೊಡೆದದ್ದೇ ಹೊಡೆದದ್ದು. ಕೀನ್ಯಾ ಸರ್ಕಾರ ೧೯೭೭ರಲ್ಲಿ ಬೇಟೆಯನ್ನು ನಿಲ್ಲಿಸಿತು. ಬಂದೂಕಿನ ಸ್ಥಾನಕ್ಕೆ ಕ್ಯಾಮೆರಾ ಬಂತು. ನಮ್ಮ ಕಡೆಗೆ ಈ ಪದ ಮೊದಲು ಬಂದದ್ದು ಓವರ್‌ಸಿಯರರೂ ಬಿ.ಡಿ.ಓ. ಸಾಹೇಬರೂ ತೊಡುತ್ತಿದ್ದ ಸಫಾರಿ ಸೂಟಿನ ರೂಪದಲ್ಲಿ. ಆಮೇಲೆ ಶಿವಮೊಗ್ಗದ ಬಳಿ ತ್ಯಾವರೆಕೊಪ್ಪದಲ್ಲಿ ಬೇಲಿ ಹಾಕಿ ಸಿಂಹ, ಹುಲಿಗಳನ್ನು ಬಿಟ್ಟರು. ಶಾಲೆಯ ಮಕ್ಕಳು ಬಸ್ಸಿನ ಜಾಲರಿಯೊಳಗಿಂದ ನೋಡಿ ಬಂದು ‘ನನ್ನ ಪ್ರವಾಸ’ ಎಂಬ ಪ್ರಬಂಧ ಬರೆದರು.

ಬಂದೂಕು ಹೋದರೂ ಬೇಟೆಗಾರನ ಲೆಕ್ಕ ಮಾತ್ರ ಹೋಗಿಲ್ಲ. ‘ಐದು ದೊಡ್ಡವು’ ಎಂದು ಪ್ರವಾಸದ ಕಂಪೆನಿಗಳು ಸಾರುವ ಆ ಪಟ್ಟಿ ಯಾರದು? ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ: ನೆಲದ ಮೇಲೆ ನಿಂತು ಹೊಡೆಯಹೋದವನನ್ನು ತಿರುಗಿಬಿದ್ದು ಕೊಲ್ಲುವ ಸಾಧ್ಯತೆ ಹೆಚ್ಚಾಗಿದ್ದ ಪ್ರಾಣಿಗಳ ಪಟ್ಟಿ ಇದು. ಗಾತ್ರದ ಲೆಕ್ಕವಾಗಿದ್ದರೆ ನೀರುಕುದುರೆ, ಜಿರಾಫೆಗಳನ್ನು ಬಿಟ್ಟು ಚಿರತೆಯನ್ನು ಯಾರಾದರೂ ಸೇರಿಸುತ್ತಿದ್ದರೆ? ಕೊಲ್ಲುವವನು ಬರೆದಿಟ್ಟ ಪಟ್ಟಿಯನ್ನು ನಮ್ಮವರು ಜೀನಸಿನ ಚೀಟಿಯಂತೆ ಕೈಯಲ್ಲಿ ಹಿಡಿದು, ಒಂದೊಂದು ಕಂಡಾಗ ಒಂದೊಂದು ಗೀಟು ಹಾಕುತ್ತಾರೆ. ಐದೂ ಆದರೆ ಹೋದದ್ದು ಸಾರ್ಥಕ. ನಾಲ್ಕಕ್ಕೇ ನಿಂತರೆ ಕಂಪೆನಿಯವನ ಮೇಲೆ ಮುನಿಸು.

ಹೋಗಲಿ, ಆ ಪಟ್ಟಿಯನ್ನೇ ಒಪ್ಪೋಣ. ಆನೆ ಬೇಕೆ? ಇಂಡಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ೨೦೨೩ರ ಎಣಿಕೆಯಲ್ಲಿ ೬,೩೯೫. ಚಿರತೆ ಬೇಕೆ? ಕಡೂರು ಸೀಮೆಯಲ್ಲಿ ಕಲ್ಲುಗುಡ್ಡವಿದ್ದ ಕಡೆ ಚಿರತೆ ಉಂಟು. ಆಫ್ರಿಕಾದ ಕಾಡೆಮ್ಮೆಯನ್ನು ಕಂಡು ಬೆಚ್ಚಿದವರು ನಮ್ಮ ಕಾಟಿಯನ್ನು ಒಮ್ಮೆ ನೋಡಬೇಕು. ಕಾಡುದನಗಳ ಕುಲದಲ್ಲೇ ಅದಕ್ಕಿಂತ ದೊಡ್ಡದು ಭೂಮಿಯ ಮೇಲೆ ಇಲ್ಲ. ಇವೆಲ್ಲ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಿಂದ ಒಳಗೆ ಹೋದರೆ ಭದ್ರಾ ಕಾಡಿನಲ್ಲಿವೆ. ಮಾರಾದಲ್ಲಿಲ್ಲದ ಹುಲಿಯೂ ಅಲ್ಲಿದೆ. ೧೯೫೧ರಲ್ಲಿ ಜಾಗರ ಕಣಿವೆಯ ಮೃಗರಕ್ಷಿತ ಪ್ರದೇಶವೆಂದು ತೊಡಗಿದ್ದು ೧೯೭೪ರಲ್ಲಿ ಹಿಗ್ಗಿ ಭದ್ರಾ ಅಭಯಾರಣ್ಯವಾಯಿತು. ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ಜಲಾಶಯದ ನೀರು ಇಳಿದಾಗ ತೇಲುವ ದಿಬ್ಬಗಳ ಮೇಲೆ ಹೊಳೆಯ ರೀವ ಹಕ್ಕಿಗಳು ಮೊಟ್ಟೆಯಿಟ್ಟು ಗದ್ದಲವೆಬ್ಬಿಸುತ್ತವೆ. ಮಾರಾಕ್ಕೆ ಹೋಗಿ ಬಂದ ಒಬ್ಬ ಮಹನೀಯರನ್ನು, ಅವರ ಚಿತ್ರಪ್ರದರ್ಶನ ಮುಗಿದ ಮೇಲೆ, ಲಕ್ಕವಳ್ಳಿಗೆ ಹೋಗಿದ್ದೀರಾ ಎಂದು ಕೇಳಿದೆ. “ಹೋಗಿದ್ದೀನಲ್ಲ ಮೇಷ್ಟ್ರೆ, ಡ್ಯಾಮು ನೋಡಿದ್ದೀನಿ” ಎಂದರು. ಅವರ ತೋಟಕ್ಕೆ ಆ ಡ್ಯಾಮಿನ ನೀರೇ ಬರುತ್ತದೆ.

ಅಡ್ಡಮಾತು ಒಂದು. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ಅಮಿತಯ್ಯ ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿ ಇದೆಯಷ್ಟೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಗುಡಿಯ ಮೇಲುಗಡೆ ಸಳ ಒಂದು ಮೃಗವನ್ನು ಇರಿಯುತ್ತಿದ್ದಾನೆ. ಕಥೆ ಹೇಳುವುದು ಹುಲಿ ಎಂದು. ಕಲ್ಲುಕುಟಿಗ ಕೆತ್ತಿರುವುದು ಕೇಸರವುಳ್ಳ ಸಿಂಹದಂಥ ಪ್ರಾಣಿಯನ್ನು. ಭದ್ರಾ ಕಣಿವೆಯ ಹುಲಿ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಕುಳಿತು, ಎಲ್ಲಿಯೋ ಇರುವ ಸಿಂಹವನ್ನು ಕೆತ್ತುವ ಚಾಳಿ ನಮ್ಮಲ್ಲಿ ಎಂಟುನೂರು ವರ್ಷದ ಹಿಂದೆಯೇ ಇತ್ತು ಎನ್ನಬೇಕೋ ಏನೋ!

ಆದರೆ ನನ್ನ ನಿಜವಾದ ಜಗಳ ಕಾಡಿನ ವಿಷಯದ್ದಲ್ಲ. ಭದ್ರಾ ಕಾಡಿಗೆ ಹೆಸರಿದೆ, ಕಾವಲಿದೆ, ಅದನ್ನು ಕಾಡು ಎಂದು ಒಪ್ಪದವರಿಲ್ಲ. ಜಗಳ ಇರುವುದು “ಬರೀ ಬಯಲು” ಎಂಬ ಮಾತಿನಲ್ಲಿ. ಮಾರಾ ಏನು ಸ್ವಾಮಿ? ಅದೂ ಬಯಲೇ! ಅಲ್ಲಿ ಮರ ಎಲ್ಲಿದೆ? ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಜಾತಿಯ ಗಿಡ, ಮೇಲೆ ಆಕಾಶ. ಆ ಬಯಲಿಗೆ ದಿನಕ್ಕೆ ೨೦೦ ಡಾಲರು ತೆತ್ತು ಬಂದವರು, ಬಂದಿಳಿದ ಮೇಲೆ ಕಡೂರಿನಿಂದ ಅಜ್ಜಂಪುರದ ಕಡೆಗೆ ಹರಡಿದ ಅದೇ ಹುಲ್ಲು, ಅದೇ ಕುರುಚಲು, ಅದೇ ಆಕಾಶದ ಕೆಳಗೆ ಕಾರಿನ ಗಾಜು ಏರಿಸಿಕೊಂಡು ಹಾದುಹೋಗುತ್ತಾರೆ. ಒಂದಕ್ಕೆ ಸವಾನ್ನಾ ಎಂದು ಹೆಸರು. ಇನ್ನೊಂದಕ್ಕೆ ಖರಾಬು ಎಂದು ಹೆಸರು.

ನಮ್ಮ ಖರಾಬಿಗೆ ಚರಿತ್ರೆ ಇಲ್ಲವೆ? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳು ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯನ್ನೂ ಮೀರಿದ್ದವು. ಹೈದರನ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಕಾಲಿನಿಂದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಕೈಗೆ ತೆಗೆದುಕೊಂಡ ಸೊತ್ತುಗಳಲ್ಲಿ ಈ ದನಗಳೂ ಸೇರಿದ್ದವು. ನಮ್ಮ ಅಜ್ಜಂಪುರ, ಬೀರೂರು, ಲಿಂಗದಹಳ್ಳಿಗಳಲ್ಲಿ ಆ ತಳಿಯ ಸರ್ಕಾರಿ ಕೇಂದ್ರಗಳು ಇಂದಿಗೂ ಇವೆ. ಹೋರಿಗರುಗಳ ಹರಾಜಿನ ದಿನ ಬಯಲುಸೀಮೆಯ ರೈತರು ದೂರದೂರದಿಂದ ಲಾರಿ ಮಾಡಿಕೊಂಡು ಬರುತ್ತಾರೆ. ಸಂಜೆಯ ಹೊತ್ತು ಬೂದುಬಣ್ಣದ ಆ ಹಿಂಡು, ಕೋಡುಗಳನ್ನು ಈಟಿಗಳಂತೆ ಹಿಂದಕ್ಕೆ ಬಾಗಿಸಿಕೊಂಡು, ದೂಳಿನಲ್ಲಿ ನಡೆದುಬರುವುದನ್ನು ಕಂಡವನು ಆಫ್ರಿಕಾದ ಕಾಡೆಮ್ಮೆಗಾಗಿ ಹಂಬಲಿಸುವುದು ಕಷ್ಟ. ಸಾಕಿದ ದನ ಎಂಬುದು ಹೆಸರಿಗೆ. ಹೊಸಬನನ್ನು ಕಂಡರೆ ಅವು ನೋಡುವ ನೋಟದಲ್ಲಿ ಸಾಕಿದ ಕುರುಹು ಏನೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಹಳೆಯ ದಫ್ತರಗಳಲ್ಲಿ ಈ ಕಾವಲುಗಳನ್ನು ಮೂರು ಬಗೆಯಾಗಿ ಎಣಿಸಿದ್ದಾರೆ: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯಲ್ಲಿ ನೆರಳೂ ಕೆರೆಯಂಗಳದ ಹಸಿಹುಲ್ಲೂ ಇರುವ ಕಡೆ. ಮಳೆ ಬಿದ್ದ ಮೇಲೆ ಬೇರೆ ಕಡೆ. ಹುಲ್ಲು ಮಾಗಿದ ಮೇಲೆ ಮತ್ತೊಂದು ಕಡೆ. ಹಿಂಡು ವರ್ಷವಿಡೀ ಮಳೆಯ ಬೆನ್ನು ಹಿಡಿದು ಒಂದು ಹುಲ್ಲಿನಿಂದ ಇನ್ನೊಂದು ಹುಲ್ಲಿಗೆ ನಡೆಯುತ್ತಿತ್ತು. ಇದು ಏನು? ಮಾರಾ ನದಿಯ ದಡದಲ್ಲಿ ನಿಂತು ನಮ್ಮವರು ಕಣ್ಣರಳಿಸಿ ನೋಡಿದರಲ್ಲ, ಆ ವಲಸೆಯೇ ಇದು! ಮೊಸಳೆ ಮಾತ್ರ ಇರಲಿಲ್ಲ. ನಡುವಿನ ಕೊಂಡಿಗಳು ಒಂದೊಂದಾಗಿ ಕಳಚಿದವು; ನಾಲ್ಕು ಲಕ್ಷ ಎಕರೆಯಲ್ಲಿ ಈಗ ಕೈಯಲ್ಲಿ ಉಳಿದಿರುವುದು ಸಣ್ಣದೊಂದು ಪಾಲು; ನಡೆಯುತ್ತಿದ್ದ ಹಿಂಡು ನಿಂತಲ್ಲಿಯೇ ನಿಂತಿತು. ಸೆರೆಂಗೆಟಿಯಿಂದ ಮಾರಾಕ್ಕೆ ಬರುವ ದಾರಿಗೆ ಯಾರಾದರೂ ಬೇಲಿ ಹಾಕಿದರೆ ನಮ್ಮ ಪ್ರವಾಸಿಗಳೇ ಮೊದಲು ಕಣ್ಣೀರು ಹಾಕಿಯಾರು. ಇಲ್ಲಿ ಬೇಲಿಯ ಕಲ್ಲುಕಂಬ ಒದಗಿಸಿದವರೂ ಅವರ ಪೈಕಿಯವರೇ.

ಕಾವಲಿನ ಹುಲ್ಲು ದನಕ್ಕೆ ಮಾತ್ರ ಸೇರಿದ್ದಲ್ಲ. ದನ ಮೇದ ಜಾಗದಲ್ಲಿಯೇ ಕೃಷ್ಣಮೃಗ ಮೇದಿತು, ಕೃಷ್ಣಮೃಗದ ಹಿಂದೆ ತೋಳ ಬಂತು, ಮೇಲೆ ಗಿಡುಗ. ನಮ್ಮ ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲನ್ನು ಸರ್ಕಾರ ೨೦೧೧ರಲ್ಲಿ ಸಂರಕ್ಷಣಾ ಮೀಸಲು ಎಂದು ಸಾರಿದ್ದು ಇದೇ ಕಾರಣಕ್ಕೆ. ಅದರ ವಿಸ್ತಾರ ಏಳು ಚದರ ಕಿಲೋಮೀಟರಿಗೆ ತುಸು ಮಿಕ್ಕು. ಮಾರಾದ ಇನ್ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಕರಿಯ ಬೆನ್ನು, ಬಿಳಿಯ ಹೊಟ್ಟೆ, ತಿರುಚಿದ ಕೋಡುಗಳ ಗಂಡು ಒಂದು, ಹೆಣ್ಣುಗಳ ಗುಂಪಿನ ಮುಂದೆ ತಲೆಯೆತ್ತಿ ನಡೆಯುವುದು ಅಲ್ಲಿ ಇಂದಿಗೂ ಕಾಣುತ್ತದೆ. ಹಳಗನ್ನಡ ಕಾವ್ಯದಲ್ಲಿ ‘ಎರಳೆ’ ಬಂದರೆ ವಿದ್ಯಾರ್ಥಿಗಳು ಅರ್ಥ ಕೇಳುತ್ತಾರೆ. ಜಿಂಕೆ ಎಂದು ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಬಾಸೂರಿನ ಹುಡುಗನೂ ಹಾಗೆಯೇ ಬರೆದುಕೊಳ್ಳುತ್ತಾನೆ, ತನ್ನ ಊರಿನ ಹಿಂದೆ ಓಡುವುದೇ ಅದು ಎಂದು ಯಾರೂ ಅವನಿಗೆ ಹೇಳಿಲ್ಲ. ‘ತೋಳ ಬಂತು ತೋಳ’ ಎಂಬ ಕಥೆಯನ್ನು ಒಂದನೆಯ ತರಗತಿಯಲ್ಲಿ ಓದಿದ ಮಗು ತೋಳವನ್ನು ಚಿತ್ರದಲ್ಲಿ ಕಂಡದ್ದು. ಅದರ ಅಜ್ಜ, ಕುರಿ ಕಾಯುತ್ತಿದ್ದವನು, ಕಾವಲಿನಲ್ಲಿ ಕಂಡದ್ದು. ಕಡೂರು ಎಂಬ ಹೆಸರನ್ನೇ ಕಡವೆಯ ಊರು ಎಂದು ಬಿಡಿಸುವುದುಂಟು. ತರೀಕೆರೆಯ ಏರಿಯ ಮೇಲಿನ ಕರಿಕುರಿಮರಿಗಳು ಮಾತ್ರ ನಾಲಿಗೆ ತೊಡಕಿನ ಪುಣ್ಯದಿಂದ ಬದುಕಿಕೊಂಡಿವೆ.

ಈ ಹುಲ್ಲನ್ನು ಯಾರು ತಿಂದರು? ದನವೂ ತಿನ್ನಲಿಲ್ಲ, ಎರಳೆಯೂ ತಿನ್ನಲಿಲ್ಲ. ಮೊದಲು ತಿಂದದ್ದು ಒಂದು ಪದ. ಕೇಂದ್ರ ಸರ್ಕಾರ ಪಾಳುಭೂಮಿಯ ಭೂಪಟಗಳನ್ನು ಅಚ್ಚುಮಾಡಿಸುತ್ತ ಬಂದಿದೆ. ಅವುಗಳಲ್ಲಿ ಕುರುಚಲು ಬಯಲಿಗೂ ಸವೆದ ಗೋಮಾಳಕ್ಕೂ ಸಿಕ್ಕಿರುವ ಹೆಸರು ಪಾಳು. ಪಾಳು ಎಂದಮೇಲೆ ಉದ್ಧಾರ ಮಾಡಬೇಕಲ್ಲ! ಅರಣ್ಯ ಇಲಾಖೆ ಹಸುರು ಮಾಡುತ್ತೇನೆಂದು ನೀಲಗಿರಿಯನ್ನೂ ಅಕೇಶಿಯಾವನ್ನೂ ನೆಟ್ಟಿತು. ಅದರ ಕೆಳಗೆ ಹುಲ್ಲೂ ಇಲ್ಲ, ಎರಳೆಯೂ ಇಲ್ಲ. ಪ್ರತಿ ಜೂನ್ ಐದಕ್ಕೆ ಕಾಲೇಜುಗಳ ಸೇವಾ ಯೋಜನೆಯ ಮಕ್ಕಳು ಗುದ್ದಲಿ ಹಿಡಿದು ಕಾವಲಿನಲ್ಲಿ ಗುಂಡಿ ತೋಡುತ್ತಾರೆ. ಗಣ್ಯರು ಗಿಡ ನೆಡುತ್ತಾರೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮಾರಾದ ನಡುವೆ ನೀಲಗಿರಿ ನೆಟ್ಟು ಪರಿಸರದಿನ ಆಚರಿಸಿದರೆ ಹೇಗಿದ್ದೀತು? ಅತ್ತ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ೨೦೧೦ರ ಸುಮಾರಿಗೆ ಒಂಬತ್ತು ಸಾವಿರ ಎಕರೆಗೂ ಮಿಕ್ಕ ಕಾವಲನ್ನು ರಕ್ಷಣಾ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದರು. ಕುರಿಗಾಹಿಗಳೂ ಕಂಬಳಿ ನೇಯುವವರೂ ಗೋಡೆಯ ಹೊರಗೆ ನಿಂತರು. ದೇಶದ ಕೆಲಸ ಎಂದರು, ಇರಬಹುದು. ಆದರೆ ಕಾಡಿನ ಒಂಬತ್ತು ಸಾವಿರ ಎಕರೆಯಾಗಿದ್ದರೆ ಅಷ್ಟು ಸಲೀಸಾಗಿ ಹಂಚಲು ಬರುತ್ತಿತ್ತೆ? ಬಯಲಾದ್ದರಿಂದ ಬಂತು.

ನಮ್ಮ ಮೂರು ತಾಲ್ಲೂಕುಗಳಲ್ಲಿ ದೊಡ್ಡ ಹೊಟ್ಟೆಯದು ಅಡಕೆ. ಇಲ್ಲಿ ಒಂದು ಭೇದವನ್ನು ಮಾಡಲೇಬೇಕು. ಭೂಮಿಯಿಲ್ಲದವನು ಕಾವಲಿನ ಅಂಚಿನಲ್ಲಿ ಎರಡು ಎಕರೆ ಉತ್ತು ರಾಗಿ ಚೆಲ್ಲಿ, ಬಗರ್‌ಹುಕುಂ ಸಕ್ರಮಕ್ಕಾಗಿ ನಮೂನೆ ತುಂಬಿ, ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಅವನ ಮೇಲೆ ನಾನು ಕೈಯೆತ್ತಲಾರೆ. ಅವನಿಗೆ ಕೊಡಬೇಕಾದದ್ದನ್ನು ಕೊಡದೆ ಕಾವಲಿನ ಅಂಚಿಗೆ ತಳ್ಳಿದವರು ಬೇರೆ ಇದ್ದಾರೆ. ಆದರೆ ಆತನ ಹೆಸರನ್ನು ಮುಂದಿಟ್ಟುಕೊಂಡು ಹಿಂದಿನಿಂದ ಜೆಸಿಬಿ ತಂದು, ನಾಲ್ಕು ಕೊಳವೆಬಾವಿ ಕೊರೆಸಿ, ಹತ್ತು ಹದಿನೈದು ಎಕರೆ ಕಾವಲನ್ನು ತೋಟದೊಳಕ್ಕೆ ಸರಿಸಿಕೊಳ್ಳುವವನು ಬಡವನಲ್ಲ. ಭದ್ರಾ ಮೇಲ್ದಂಡೆಯ ನೀರು ಬರುತ್ತದೆ ಎಂಬ ಸುದ್ದಿ ಹಬ್ಬಿದ ಕಡೆಗಳಲ್ಲಿ ಕಲ್ಲುಕಂಬಗಳು ನೀರಿಗಿಂತ ಬೇಗ ಬಂದವು. ಇಂಥವನ ಅಡಕೆಯ ಹಣವೇ ಟಿಕೆಟ್ಟಾಗಿ ನೈರೋಬಿಗೆ ಹಾರುತ್ತದೆ. ಇಲ್ಲಿ ಹುಲ್ಲನ್ನು ಅಗೆದು ಗಳಿಸಿದ್ದನ್ನು ಅಲ್ಲಿ ಹುಲ್ಲು ನೋಡಲು ತೆರುವುದು ಎಂಥ ವ್ಯಾಪಾರ ಎಂದು ಲೆಕ್ಕ ಬಲ್ಲವರು ಹೇಳಲಿ.

ಇನ್ನು ಆನೆಯ ಮಾತು. ಪತ್ರಿಕೆಗಳ ಕನ್ನಡವನ್ನು ನಾನು ಪಾಠದ ಕಣ್ಣಿನಿಂದ ಓದುತ್ತೇನೆ. ಪ್ರವಾಸದ ಪುಟದಲ್ಲಿ ಆನೆ ‘ಗಜಗಾಂಭೀರ್ಯ’. ಜಿಲ್ಲಾ ಪುಟದಲ್ಲಿ ಅದೇ ಆನೆ ‘ಹಾವಳಿ’. ಮಾರಾದಲ್ಲಿ ಮೋಟಾರಿಗೆ ಅಡ್ಡ ನಿಂತು ಕಿವಿ ಬಡಿದರೆ ಪುಣ್ಯ. ಲಕ್ಕವಳ್ಳಿಯ ಕಡೆ ತೋಟದ ಬೇಲಿಗೆ ಅಡ್ಡ ನಿಂತರೆ ಪಾಪ. ತೋಟದವನ ನಷ್ಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಹತ್ತು ವರ್ಷದ ಗಿಡಗಳು ಹೋಗುತ್ತವೆ. ಕೂಲಿಯವನ ಪ್ರಾಣವೇ ಹೋದ ನಿದರ್ಶನಗಳು ನಮ್ಮ ಜಿಲ್ಲೆಯಲ್ಲಿ ಕಡಮೆಯಿಲ್ಲ. ಅವನು ಹಾವಳಿ ಎನ್ನಲಿ. ಆ ಮಾತಿಗೆ ಅವನು ಬೆಲೆ ತೆತ್ತಿದ್ದಾನೆ. ಆದರೆ ಮಾರಾದ ಆನೆಯ ಚಿತ್ರವನ್ನು ಹಜಾರದ ಗೋಡೆಗ�� ತೂಗುಹಾಕಿ, ಅದರ ಕೆಳಗೆ ಕುಳಿತು, “ಈ ಆನೆಗಳನ್ನೆಲ್ಲ ಸುಟ್ಟುಹಾಕಬೇಕು” ಎನ್ನುವವನ ಬಾಯಿಯಲ್ಲಿ ಆ ಮಾತು ಬೇರೆ. ಆಫ್ರಿಕಾದಲ್ಲಿಯೂ ಆನೆ ಬೆಳೆ ತಿನ್ನುತ್ತದೆ, ಮನುಷ್ಯನನ್ನು ತುಳಿಯುತ್ತದೆ. ಮಸಾಯಿಯ ದನವನ್ನು ಸಿಂಹ ಹಿಡಿಯುತ್ತದೆ. ಅಲ್ಲಿನ ಹಳ್ಳಿಗನೂ ಹಾವಳಿ ಎಂಬುದಕ್ಕೆ ತನ್ನ ಭಾಷೆಯಲ್ಲಿ ಒಂದು ಪದ ಇಟ್ಟುಕೊಂಡಿದ್ದಾನೆ. ಪ್ರವಾಸಿಗೆ ಅದು ಕೇಳಿಸುವುದಿಲ್ಲ, ಅಷ್ಟೆ. ೨೦೨೫ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿಯ ಬಾಯಿಗೆ ಒಬ್ಬರಾದ ಮೇಲೊಬ್ಬರು ರೈತರು ಬಿದ್ದಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಮೋಜು ನಿಂತದ್ದಕ್ಕೆ ಪಟ್ಟಣಗಳಲ್ಲಿ ಎದ್ದ ಗೊಣಗಾಟವನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಚಿತ್ರಗಳಲ್ಲಿ ಕೆಂಪು ಹೊದಿಕೆ ಹೊದ್ದು, ಕೋಲು ಹಿಡಿದು, ನೆಟ್ಟಗೆ ನೆಗೆಯುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಅವನು ಮಸಾಯಿ. ಅವನ ಪಕ್ಕದಲ್ಲಿ ನಮ್ಮವರು ನಿಂತಿರುತ್ತಾರೆ. ಅವನ ಹಿರಿಯರನ್ನು ಇಂಗ್ಲಿಷರು ೧೯೦೪ರಲ್ಲೊಮ್ಮೆ, ೧೯೧೧ರಲ್ಲೊಮ್ಮೆ ಕರಾರು ಬರೆಸಿಕೊಂಡು ಒಳ್ಳೆಯ ಹುಲ್ಲಿನಿಂದ ಎಬ್ಬಿಸಿದರು. ೧೯೫೯ರಲ್ಲಿ ಸೆರೆಂಗೆಟಿಯಿಂದ ಎಬ್ಬಿಸಿದರು, ಕಾಡುಮೃಗಗಳಿಗೆ ಜಾಗ ಬೇಕೆಂದು. ದನ, ಸಿಂಹ, ಮನುಷ್ಯ ಒಂದೇ ಹುಲ್ಲಿನ ಮೇಲೆ ಬದುಕಿದ್ದರಿಂದಲೇ ಆ ಬಯಲು ಬಯಲಾಗಿ ಉಳಿದಿತ್ತು ಎಂಬುದನ್ನು ಯಾರೂ ಅವನಿಂದ ಕೇಳಿ ತಿಳಿಯಲಿಲ್ಲ. ನಮಗೆ ಇದು ತೀರ ಹೊಸ ಮಾತಾಗಬಾರದು. ಗೋವಿನ ಹಾಡಿನಲ್ಲಿ ಹಸುವೂ ಹುಲಿಯೂ ಗೊಲ್ಲನೂ ಒಂದೇ ಸೀಮೆಯವರು. ಹುಲಿಗಾಗಿ ಗೊಲ್ಲನನ್ನು ಎಬ್ಬಿಸಿ ಎಂದು ಆ ಹಾಡಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಭದ್ರಾ ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಮಿಕ್ಕ ಸಂಸಾರಗಳು ೨೦೦೧–೦೨ರಲ್ಲಿ ಗದ್ದೆ ಮನೆ ಬಿಟ್ಟು ಹೊರಬಂದವು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿಯ ಜಮೀನು ಸಿಕ್ಕಿತು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಇದೇ ವಾಸಿ ಎಂದು ತಿಳಿದವರು ಹೇಳುತ್ತಾರೆ. ಅವರೂ ಬಹುಮಟ್ಟಿಗೆ ಒಪ್ಪಿಯೇ ಬಂದವರು. ಒಪ್ಪುತ್ತೇನೆ. ಆದರೆ ಇಂದು ಭದ್ರಾದಲ್ಲಿ ಹುಲಿ ಕಂಡರೆ ಆ ಹುಲಿಗೆ ಜಾಗ ಕೊಟ್ಟವರು ಇವರು. ನಮ್ಮ ಚಿತ್ರಪ್ರದರ್ಶನದ ಸಭೆಗಳಲ್ಲಿ ಅವರಲ್ಲಿ ಒಬ್ಬರನ್ನಾದರೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದನ್ನು ನಾನು ಕಂಡಿಲ್ಲ.

ಆಫ್ರಿಕಾಕ್ಕೆ ನಮ್ಮ ನೆರೆಯಿಂದ ಹೋದ ಇನ್ನೊಂದು ಬಗೆಯ ಯಾತ್ರಿಕರೂ ಉಂಟು. ಅಜ್ಜಂಪುರದ ಗಡಿ ದಾಟಿದರೆ ಚನ್ನಗಿರಿ ತಾಲ್ಲೂಕು. ಅಲ್ಲಿಯೂ ಶಿವಮೊಗ್ಗದ ಬಳಿಯೂ ಹಕ್ಕಿಪಿಕ್ಕಿಗಳ ಕೇರಿಗಳಿವೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದ ಜನ. ೧೯೭೨ರ ವನ್ಯಜೀವಿ ಕಾಯಿದೆ ಬಂದು ಬೇಟೆ ಅಪರಾಧವಾಯಿತು. ಕಾಯಿದೆ ಬೇಕಿತ್ತು, ಆದರೆ ಬಲೆ ಕಿತ್ತುಕೊಂಡವರು ಕೈಗೆ ಬೇರೇನನ್ನೂ ಕೊಡಲಿಲ್ಲ. ಅವರು ಬೇರು, ನಾರು, ಎಣ್ಣೆಗಳನ್ನು ಕಟ್ಟಿಕೊಂಡು ಮಾರಲು ಹೊರಟು ಕೊನೆಗೆ ಆಫ್ರಿಕಾ ಖಂಡವನ್ನೇ ಮುಟ್ಟಿದರು. ೨೦೨೩ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಮೂವತ್ತಕ್ಕೂ ಮಿಕ್ಕ ಹಕ್ಕಿಪಿಕ್ಕಿಗಳು ಗುಂಡಿನ ಸದ್ದಿನ ನಡುವೆ ಅನ್ನ ನೀರಿಲ್ಲದೆ ಸಿಕ್ಕಿಬಿದ್ದ ಸುದ್ದಿ ಬಂತು. ಆಪರೇಷನ್ ಕಾವೇರಿ ಎಂಬ ಕಾರ್ಯಾಚರಣೆಯಲ್ಲಿ ಅವರನ್ನು ಕರೆತಂದರು. ಆಗಲೇ ನಮ್ಮ ಪೇಟೆಯ ಸಜ್ಜನರು “ಇವರು ಅಲ್ಲಿಗೆ ಏತಕ್ಕೆ ಹೋಗಿದ್ದರು?” ಎಂದು ಕೇಳಿದ್ದು. ಸಿಂಹ ನೋಡಲು ಹೋಗುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಸ್ವಾಹಿಲಿಯ ಮೂಲ ಅರ್ಥದಲ್ಲಿ ಸಫಾರಿ ಮಾಡಿದವರು ನಮ್ಮ ಕಡೆ ಇವರೊಬ್ಬರೇ.

ನನಗೆ ಬರುವ ಉತ್ತರವನ್ನು ಬಲ್ಲೆ. ಬಾಸೂರಿನಲ್ಲಿ ನೋಡಲು ಏನಿದೆ, ಎರಡು ಗಂಟೆ ಬಿಸಿಲಿನಲ್ಲಿ ನಿಂತರೆ ದೂರದಲ್ಲಿ ನಾಲ್ಕು ಎರಳೆ ಕಂಡಾವು, ತೋಳ ಕಾಣುವುದಂತೂ ಹಣೆಯಬರಹ ಎನ್ನುತ್ತಾರೆ. ನಿಜ. ಬಾಸೂರನ್ನು ಮಾರಾ ಮಾಡಿ, ಅಲ್ಲಿ ಹೋಟೆಲು ಎಬ್ಬಿಸಿ, ಸಾಲುಸಾಲಾಗಿ ಜೀಪು ಬಿಡಿ ಎಂದು ನಾನು ಹೇಳುತ್ತಿಲ್ಲ. ದೇವರು ದೊಡ್ಡವನು, ಆ ವಿಪತ್ತು ಬಾರದಿರಲಿ. ಯಾರೂ ನೋಡಹೋಗದಿದ್ದರೂ ಎರಳೆಗೆ ನಷ್ಟವಿಲ್ಲ. ಅದರ ಹುಲ್ಲನ್ನು ಹುಲ್ಲು ಎಂದು ಬರೆದಿಟ್ಟರೆ ಸಾಕು. ಏನಿಲ್ಲ ಎಂದು ನಾಲ್ಕು ಜನ ದೊಡ್ಡ ಮನುಷ್ಯರು ಸಭೆಯಲ್ಲಿ ಹೇಳಿದ ಜಾಗವನ್ನು ಅಳೆಯಲು ಐದನೆಯವನು ಸರಪಳಿ ಹಿಡಿದು ಬರುತ್ತಾನೆ. ನಿಟ್ಟುಸಿರಿಗೂ ಸರಪಳಿಗೂ ಅಷ್ಟೇ ಅಂತರ.

ಹಾಗಾಗಿ ಆಫ್ರಿಕಾ ನೋಡಿ ಬಂದವರಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಚಿತ್ರಪ್ರದರ್ಶನದಲ್ಲಿ ಸಿಂಹದ ಚಿತ್ರಗಳೆಲ್ಲ ಮುಗಿದ ಮೇಲೆ, ನಿಟ್ಟುಸಿರು ಬಿಡುವ ಮೊದಲು, ತಮ್ಮ ತಮ್ಮ ತೋಟದ ಸರ್ವೆ ನಕ್ಷೆಯನ್ನೂ ಅದೇ ಪರದೆಯ ಮೇಲೆ ಹಾಕಲಿ. ಪಕ್ಕದಲ್ಲಿ ಅದೇ ಸರ್ವೆ ನಂಬರಿನ ಹಳೆಯ ನಕ್ಷೆಯನ್ನೂ ಹಾಕಲಿ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಕಾವಲಿನ ಗೆರೆ ಹಿಂದೆ ಎಲ್ಲಿತ್ತು, ಈಗ ಕಲ್ಲುಕಂಬ ಎಲ್ಲಿದೆ ಎಂಬುದನ್ನು ಬೆತ್ತದಿಂದ ತೋರಿಸಿದರೆ ಆಯಿತು. ಕಾಫಿಯ ಖರ್ಚು ನನ್ನದು.